ದಡ ಅವನದು, ಮನೆ ಅವಳದು

ಒಮಾನಿನ ಇಬ್ರಿ ಪಟ್ಟಣದ ಹಳೆ ಮಾರುಕಟ್ಟೆ ಸೂಕಿನ ಹಿಂದಿನ ಬೀದಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿಯೊಂದಿದೆ. ನನ್ನ ಗಂಡ ಭೋಜರಾಜ ಅಲ್ಲಿ ಮ್ಯಾನೇಜರ್. ಒಳಕೋಣೆಯಲ್ಲಿ ಗೋಡೆಯ ಬದಿಯ ಮೆಷಿನ್ ನನ್ನದು, ಅದರ ಪಕ್ಕದ್ದು ರುಸ್ಮಿನಾಳದ್ದಾಗಿತ್ತು. ಅವಳು ಇಂಡೋನೇಷ್ಯಾದ ಕಾಲಿಮಂತಾನಿನವಳು, ತೋಳಂಚಿಗೆ ಜರಿಯ ಕಸೂತಿ ಹಾಕುವವಳು. ನಾನು ಲೇಸು, ಗುಂಡಿ, ಮಡಿಕೆ ನೋಡುವವಳು. ನಮ್ಮಿಬ್ಬರ ಮಾತು ಅರ್ಧ ಹಿಂದಿ, ಅರ್ಧ ಅರಬ್ಬಿ. ನನ್ನನ್ನು ಮಾತ್ರ ಅವಳು 'ಅಕ್ಕ' ಅನ್ನುತ್ತಿದ್ದಳು, ನನ್ನ ತಂಗಿ ಫೋನಿನಲ್ಲಿ ಕರೆಯುವುದನ್ನು ಕೇಳಿ ಕಲಿತದ್ದು.

ಅಂಗಡಿಯಲ್ಲಿ ಅವಳು ಯಾರಿಗೂ ಹಿಡಿಸುತ್ತಿರಲಿಲ್ಲ. ಅವಳ ಕತ್ತರಿ ಮುಟ್ಟಿದರೆ ಜಗಳ, ಎ.ಸಿ. ಏರಿಸಿದರೆ ಜಗಳ. ಗಿರಾಕಿ ಹೆಂಗಸರು ಬೆಲೆ ಚೌಕಾಸಿ ಮಾಡಿದರೆ ಬಟ್ಟೆಯನ್ನು ಅವರ ಮುಂದೆಯೇ ಮಡಚಿ ವಾಪಸು ಕೊಟ್ಟುಬಿಡುವಳು. ಒಮ್ಮೆ ಬೆಟ್ಟದ ಕಡೆ ಮಳೆಯಾಗಿ, ವರ್ಷವಿಡೀ ಒಣಗಿರುವ ಹೊಳೆ ವಾದಿಯಲ್ಲಿ ನೀರು ಬಂತೆಂದು ಊರಿಗೆ ಊರೇ ಕಾರು ಹತ್ತಿ ನೋಡಲು ಹೋದಾಗ ನಾವೂ ಅವಳನ್ನು ಕರೆದುಕೊಂಡು ಹೋಗಿದ್ದೆವು. ಅವಳು ಇಳಿದು ನೋಡಿ, "ಇದನ್ನು ನೋಡಲಿಕ್ಕೆ ಪೆಟ್ರೋಲ್ ಸುಟ್ಟಿರಾ?" ಎಂದು ಕೇಳಿ ಕಾರಿನೊಳಗೆ ಕೂತುಬಿಟ್ಟಳು. ಭೋಜರಾಜರಿಗೆ ಅವಳನ್ನು ಕಂಡರೆ ಆಗದಿರಲು ಅದೂ ಒಂದು ಕಾರಣ.

ಅವಳ ಊರಿನಲ್ಲಿ ರಸ್ತೆ ಇಲ್ಲವಂತೆ. ದೊಡ್ಡ ಹೊಳೆಯ ಒಂದು ಕವಲು, ಅದರ ಎರಡೂ ದಡದಲ್ಲಿ ಹಲಗೆಯ ಮನೆಗಳು, ಎಲ್ಲ ಮನೆಗಳ ಮುಖ ನೀರಿಗೆ. ಕೆಲವು ಮನೆ ಕಂಬದ ಮೇಲೆ ನಿಂತಿವೆ, ಕೆಲವು ತೇಲುತ್ತವೆ. ದೊಡ್ಡ ಮರದ ದಿಮ್ಮಿಗಳನ್ನು ಸಾಲಾಗಿ ಬಿಗಿದು, ಮೇಲೆ ಹಲಗೆಯ ಮನೆ ಕಟ್ಟಿ, ದಡದ ಕಂಬಕ್ಕೆ ಹಗ್ಗ ಹಾಕಿ ನಿಲ್ಲಿಸುತ್ತಾರೆ. ನೀರು ಏರಿದರೆ ಮನೆಯೂ ಏರುತ್ತದೆ. ರುಸ್ಮಿನಾಳ ತಾಯಿಯದ್ದು ಅಂಥ ಮನೆ. ದಿಮ್ಮಿಗಳು ಕೊಳೆತು ಒಂದು ಮೂಲೆ ಮುಳುಗತೊಡಗಿದಾಗ ಇವಳೇ ಇಲ್ಲಿಂದ ದುಡಿದು ಕಳಿಸಿ, ಹೊಸ ದಿಮ್ಮಿ, ಹೊಸ ಹಲಗೆ, ತಗಡಿನ ಮಾಡು, ಎಲ್ಲ ಹೊಸತಾಗಿ ಮಾಡಿಸಿದ್ದಳು. ಹಗ್ಗ ಕಟ್ಟುವ ದಡದ ಜಾಗ ಮಾತ್ರ ಅಪ್ಪನಿಂದ ಅಣ್ಣ ಸಹ್ರಾನಿಗೆ ಬಂದದ್ದು.

ತಾಯಿ ತೀರಿಹೋದದ್ದು ಈದ್ ಹಬ್ಬದ ಹಿಂದಿನ ವಾರ. ಅಂಗಡಿಯಲ್ಲಿ ಆರ್ಡರುಗಳು ರಾಶಿ ಬಿದ್ದಿದ್ದವು. ಹಬ್ಬ ಮುಗಿಯುವ ತನಕ ರಜೆ ಇಲ್ಲ, ವೀಸಾ ಕೊಟ್ಟ ಅರಬ ಒಡೆಯ ಕಫೀಲ್ ಒಪ್ಪುವುದಿಲ್ಲ ಎಂದರು ಭೋಜರಾಜ. ಅಂದಿನಿಂದ ಅವಳು ಅವರ ಹತ್ತಿರ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ, ಅವರು ಕೊಟ್ಟ ಚಹಾ ಸಹ ಮುಟ್ಟಲಿಲ್ಲ.

ರಜೆ ಸಿಗುವ ಹೊತ್ತಿಗೆ ಹೋಗುವುದರಲ್ಲಿ ಅರ್ಥವೂ ಉಳಿದಿರಲಿಲ್ಲ. ಅಷ್ಟರಲ್ಲಿ ಸಹ್ರಾನಿಯ ಹೆಂಡತಿ ಆ ಮನೆಯಲ್ಲಿ ಅಂಗಡಿ ಇಟ್ಟಿದ್ದಳು. ಬಾಟಲಿಯಲ್ಲಿ ಪೆಟ್ರೋಲ್, ನೂಡಲ್ಸ್ ಪ್ಯಾಕೆಟ್ಟು, ಸಿಗರೇಟು. ತಾಯಿಯ ಹಾಸಿಗೆ ಹೊಳೆಗೆ ಹೋಗಿತ್ತು, ಪಾತ್ರೆಗಳು ಅತ್ತಿಗೆಯ ಅಡುಗೆಮನೆಗೆ. ಸಂಬಂಧಿಯೊಬ್ಬರು ಕಳಿಸಿದ ಫೋಟೋದಲ್ಲಿ ಅದನ್ನು ನೋಡಿದ ದಿನ ರುಸ್ಮಿನಾ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ನನ್ನ ಎದುರಿನಲ್ಲೇ ಅಣ್ಣನಿಗೆ ಫೋನು ಮಾಡಿದಳು. ಅವರ ಭಾಷೆ ನನಗೆ ಬಾರದು. ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಆಮೇಲೆ ಅವಳೇ ಬಿಡಿಸಿ ಹೇಳಿದಳು.

"ದಡ ನನ್ನದು, ದಡಕ್ಕೆ ಕಟ್ಟಿದ್ದೆಲ್ಲ ನನ್ನದು ಅಂದ."

"ನೀನು ಎಂತ ಹೇಳಿದೆ?"

"ನಿನ್ನ ದಡ ನೀನೇ ಇಟ್ಟುಕೋ ಅಂದೆ."

ಊರಿನ ಮುಖ್ಯಸ್ಥನಿಗೂ ಫೋನು ಹೋಯಿತು. ಅರಬರ ದೇಶದಲ್ಲಿ ವರ್ಷಾನುಗಟ್ಟಲೆ ಇರುವ ಒಂಟಿ ಹೆಂಗಸಿಗೆ ಇಲ್ಲಿ ಮನೆ ಏಕೆ ಎಂದು ಅವನು ನಕ್ಕನಂತೆ. ಆ ನಗು ಅವಳಿಗೆ ಅಣ್ಣನ ಮಾತಿಗಿಂತ ಹೆಚ್ಚು ಚುಚ್ಚಿತು. ಆ ದಿನ ಕಸೂತಿ ಹಾಕುವಾಗ ಎರಡು ಸೂಜಿ ಮುರಿದಳು.

ಕೊನೆಗೆ ಅವಳು ಹಿಡಿದದ್ದು ಚಿಕ್ಕಮ್ಮ ಮಸ್ಲಿಯಾಳನ್ನು. ಹೊಳೆಯ ಕೆಳಗಡೆ, ತಿರುವು ದಾಟಿದ ಮೇಲೆ ಆಕೆಯ ಮನೆ. ಮೋಟಾರು ದೋಣಿಯಲ್ಲಿ ತರಕಾರಿ ಮಾರುವವಳು. ಮೀನಿನ ಬಲೆಯ ವಿಷಯದಲ್ಲಿ ಸಹ್ರಾನಿ ಆಕೆಯ ಅಳಿಯನಿಗೆ ಹೊಡೆದಿದ್ದ. ಆ ಸಿಟ್ಟು ಇನ್ನೂ ಹಸಿಯಾಗಿತ್ತು. ಚಿಕ್ಕಮ್ಮನಿಗೆ ನಿನ್ನ ಮೇಲೆ ಅಷ್ಟು ಪ್ರೀತಿಯಾ ಎಂದು ನಾನು ಕೇಳಿದೆ.

"ಇಲ್ಲ ಅಕ್ಕ. ಪ್ರೀತಿ ಇದ್ದವರು ಯೋಚನೆ ಮಾಡ್ತಾರೆ. ಇವಳು ಮಾಡಲ್ಲ."

ಹಗ್ಗ ಕಡಿದು, ಮನೆಯನ್ನು ದೋಣಿಗೆ ಬಿಗಿದು ಚಿಕ್ಕಮ್ಮನ ದಡಕ್ಕೆ ಎಳೆದೊಯ್ಯಲು ಅವರಿಬ್ಬರೂ ಶುಕ್ರವಾರ ಗೊತ್ತು ಮಾಡಿದರು. ಮಧ್ಯಾಹ್ನದ ನಮಾಜಿಗೆ ಊರಿನ ಗಂಡಸರೆಲ್ಲ ಮಸೀದಿಯಲ್ಲಿರುತ್ತಾರೆ. ಅಲ್ಲಿಯ ಮಧ್ಯಾಹ್ನ ಇಲ್ಲಿಯ ಬೆಳಗ್ಗೆ. ಅಂಗಡಿಗೆ ರಜೆ. ಅಂಗಡಿಯ ಮೇಲಿನ ಅವಳ ಕೋಣೆಗೆ ನಾನೂ ಹೋದೆ. ಮಂಚದ ಮೇಲೆ ದಿಂಬಿಗೆ ಫೋನನ್ನು ಒರಗಿಸಿ ಇಬ್ಬರೂ ಕೂತೆವು. ಅಲ್ಲಿ ಚಿಕ್ಕಮ್ಮನ ದೊಡ್ಡ ಮಗಳು ಫೋನು ಹಿಡಿದಿದ್ದಳು. ಕಂದು ಬಣ್ಣದ ನೀರು, ಎರಡು ದೋಣಿ, ಹಸಿರು ಬಣ್ಣ ಬಳಿದ ಮನೆ. ನಾನು ಆ ಮನೆಯನ್ನು ನೋಡಿದ್ದು ಅದೇ ಮೊದಲು. ನಮ್ಮ ಕಡೆಯ ಗೂಡಂಗಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ.

ಅತ್ತಿಗೆ ಅಂಗಡಿಯೊಳಗೇ ಇದ್ದಳು. ಹೊರಗೆ ಬಾ ಎಂದರೆ ಬರಲಿಲ್ಲ. ಬಾಗಿಲಿಗೆ ಅಡ್ಡ ಕೂತು, ನನ್ನ ಹೆಣ ಎಳೆಯಿರಿ ಎಂದು ಕೂಗಿದಳು. ಚಿಕ್ಕಮ್ಮ ಕತ್ತಿ ಹಿಡಿದು ದಿಮ್ಮಿಯ ಮೇಲೆ ನಿಂತು ಇತ್ತ ಫೋನಿನ ಕಡೆ ನೋಡಿದಳು. ರುಸ್ಮಿನಾ ಒಂದೇ ಮಾತು ಹೇಳಿದಳು. ಹಗ್ಗ ಕಡಿದುಬಿತ್ತು. ಆಮೇಲೆ ಇನ್ನೊಂದು ಹಗ್ಗ.

"ಎಂತ ಹೇಳಿದೆ ಮಾರಾಯ್ತಿ?"

"ಅವಳನ್ನೂ ಸೇರಿಸಿ ಎಳೀರಿ ಅಂದೆ."

ಮನೆ ಮೊದಲು ಅಲುಗಲಿಲ್ಲ. ದೋಣಿಗಳು ಹೊಗೆ ಕಾರಿದವು. ಆಮೇಲೆ ದಡ ಮೆಲ್ಲಗೆ ಹಿಂದೆ ಸರಿಯಿತು. ಅತ್ತಿಗೆ ಪೆಟ್ರೋಲ್ ಬಾಟಲಿಗಳನ್ನು ಒಂದೊಂದಾಗಿ ಚಿಕ್ಕಮ್ಮನ ದೋಣಿಗೆ ಬೀಸಿದಳು. ಒಂದು ಒಡೆದು ನೀರಿನ ಮೇಲೆ ಎಣ್ಣೆ ಹರಡಿತು. ಮಸೀದಿಯ ಮುಂದೆ ಹಾಯುವಾಗ ಆಕೆ ಗಂಡನ ಹೆಸರು ಹಿಡಿದು ಕಿರುಚಿದಳು. ನಮಾಜು ಮುಗಿಸಿ ಮೆಟ್ಟಿಲಿಗೆ ಬಂದ ಗಂಡಸರು ತಮ್ಮ ಊರಿನ ಒಂದು ಮನೆ, ಬಾಗಿಲಲ್ಲಿ ಹೆಂಗಸು ಸಮೇತ, ಹೊಳೆಯಲ್ಲಿ ಹೋಗುವುದನ್ನು ಕಂಡರು. ಬಿಳಿ ಟೊಪ್ಪಿಯವನೊಬ್ಬ ದಡದುದ್ದಕ್ಕೂ ಹಲಗೆ ಹಾದಿಯಲ್ಲಿ ಓಡುತ್ತಿದ್ದ. ರುಸ್ಮಿನಾ ಫೋನಿನ ಮೇಲೆ ಬೆರಳಿಟ್ಟು, "ಇವನೇ," ಎಂದಳು. ತಾಯಿ ಸತ್ತಾಗ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಈಗಲೂ ಅಳಲಿಲ್ಲ.

ತಿರುವಿನ ಆಚೆ ಒಂದು ಕಟ್ಟೆಯ ಬಳಿ ಅತ್ತಿಗೆಯನ್ನೂ ಅವಳ ನೂಡಲ್ಸ್ ಪೆಟ್ಟಿಗೆಗಳನ್ನೂ ಇಳಿಸಿದರು. ಇಳಿಯುವ ಮೊದಲು ಆಕೆ ಫೋನಿನ ಹತ್ತಿರ ಬಂದು, ಮುಖವಿಟ್ಟು ಏನೋ ಹೇಳಿ ಉಗಿದಳು. ಅದನ್ನು ರುಸ್ಮಿನಾ ನನಗೆ ಬಿಡಿಸಿ ಹೇಳಲಿಲ್ಲ.

ಸಹ್ರಾನಿ ಮನೆಗೆ ಬೆಂಕಿ ಇಡುತ್ತೇನೆಂದು ಹೊರಟನಂತೆ. ಚಿಕ್ಕಮ್ಮನ ಅಳಿಯಂದಿರು ಕತ್ತಿ ಹಿಡಿದು ಕಾದರು. ಊರವರು ಸೇರಿದರು. ನಕ್ಕಿದ್ದ ಮುಖ್ಯಸ್ಥನೇ ಕೊನೆಗೆ, ದಡ ಅವನದು, ದಿಮ್ಮಿ ಅವಳದು ಎಂದು ಹೇಳಬೇಕಾಯಿತು. ಸಹ್ರಾನಿ ಒಪ್ಪಿದ, ಆದರೆ ಒಂದು ಮಾತು ಹಾಕಿದ: ತಾಯಿಯ ಗೋರಿ ತನ್ನ ಜಾಗದಲ್ಲಿದೆ, ತಂಗಿ ಅಲ್ಲಿ ಕಾಲಿಡಕೂಡದು. ಅದಕ್ಕೆ ಯಾರೂ ಅಡ್ಡ ಹೇಳಲಿಲ್ಲ. ಚಿಕ್ಕಮ್ಮ ಸಹ ತನ್ನ ದಡಕ್ಕೆ ಹಗ್ಗ ಕಟ್ಟಿದ್ದಕ್ಕೆ ಬಾಡಿಗೆ ಕೇಳಿದಳು.

ಕಳೆದ ವರ್ಷ ವೀಸಾ ಮುಗಿಸಿ ರುಸ್ಮಿನಾ ಊರಿಗೆ ಹೋದಳು. ಬೀಳ್ಕೊಡಲು ಭೋಜರಾಜ ಮಹಡಿ ಹತ್ತಲಿಲ್ಲ, ಅವಳೂ ಕಾಯಲಿಲ್ಲ. ಟ್ಯಾಕ್ಸಿಯಲ್ಲಿ ಕೂತ ಮೇಲೆ ನನ್ನ ಕೈ ಹಿಡಿದು, ನಿನ್ನ ಗಂಡ ಒಳ್ಳೆಯವನಲ್ಲ ಅಕ್ಕ ಎಂದಳು. ನನಗೂ ಸಿಟ್ಟು ಬಂತು. ಕೈ ಬಿಡಿಸಿಕೊಂಡೆ.

ಆದರೂ ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ. ಮನೆಯ ಮುಂದಿನ ಹಲಗೆಯ ಮೇಲೆ ಮೆಷಿನ್ ಇಟ್ಟು ಹೊಲಿಯುತ್ತಾಳೆ. ತಾಯಿಯ ಗೋರಿಯನ್ನು ದೋಣಿಯಲ್ಲಿ ಕೂತು ದೂರದಿಂದ ನೋಡಿ ಬಂದಳಂತೆ. ಮೊನ್ನೆ ಮಾತಾಡುತ್ತಿದ್ದಾಗ ಮೋಟಾರಿನ ಸದ್ದು ಜೋರಾಯಿತು, ಫೋನು ಒಮ್ಮೆಲೆ ಓಲಾಡಿತು, ದಾರದ ಉಂಡೆಗಳು ಉರುಳಿದವು. ಅಣ್ಣ ಪೇಟೆಗೆ ಹೋಗುವಾಗೆಲ್ಲ ಇವಳ ಮನೆಯ ಮುಂದೆ ಬೇಕೆಂದೇ ದೋಣಿಯ ವೇಗ ಏರಿಸುತ್ತಾನೆ, ಅಲೆ ಎದ್ದು ಮನೆ ಕುಲುಕಲಿ ಎಂದು. ನಾನು ಹೆದರಿ, ಮುಖ್ಯಸ್ಥನಿಗೆ ದೂರು ಕೊಡು ಎಂದೆ. ಅವಳು ಉಂಡೆಗಳನ್ನು ಹೆಕ್ಕುತ್ತಾ ಬೇಡ ಎಂದಳು. ಅವನ ದೋಣಿ ಹಳತು, ಹಾಗೆ ಓಡಿಸಿದರೆ ಎಂಜಿನ್ ಬೇಗ ಹೋಗುತ್ತದಂತೆ. ಅದನ್ನೇ ಕಾಯುತ್ತಿದ್ದಾಳೆ.