ತಡೀರಿ, ಏಳತೈತಿ

ಮುನವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು ಎತ್ತಿನ ಗೊರಸಿಗೆ ಕಬ್ಬಿಣದ ನಾಲು ಬಡಿಯುತ್ತಿದ್ದರು. ಕೆಡವಿ ಕಟ್ಟಿದ ಎತ್ತು, ಹಗ್ಗ ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಮಂಕಾಗಿ ಮಲಗಿರುತ್ತದೆ. ಒಡೆಯ ಬಾರುಕೋಲು ಎತ್ತಿದರೆ ಇವರು ಅಂಗೈ ಅಡ್ಡ ಹಿಡಿದು, "ತಡೀರಿ, ಏಳತೈತಿ" ಎನ್ನುತ್ತಿದ್ದರು.

ಕಳೆದ ವರ್ಷ ಅವರಿಗೆ ಬೈಪಾಸ್ ಆಯಿತು. ಮರುದಿನ ಹೃದಯ ಸರಿಯಾಗಿ ರಕ್ತ ತಳ್ಳುತ್ತಿರಲಿಲ್ಲ. ಡಾಕ್ಟರು ಅವರ ತಮ್ಮನಿಗೆ, ನೋಡಲು ಹೋಗಿದ್ದ ನನ್ನೆದುರೇ ಹೇಳಿದರು: "ಸ್ನಾಯು ಸತ್ತಿಲ್ರಿ, ಆಪರೇಷನ್ ಹೊಡೆತಕ್ಕ ಮಂಕಾಗೈತಿ. ಕೆಲವು ದಿನದಾಗ ಸುಧಾರಿಸತೈತಿ."

ತಮ್ಮ ತಲೆಯಾಡಿಸಿದ. ಊರಿಗೆ ಬಂದವನೇ, "ಅಣ್ಣನ ಎದಿ ಕೆಲಸಾ ಬಿಟ್ಟೈತಿ" ಎಂದು ಸಾರಿ, ಅವರ ಸುತ್ತಿಗೆಯನ್ನೂ ಸಂತೆಯ ಬೇವಿನ ಮರದಡಿ ಅವರು ನಾಲು ಬಡಿಯುತ್ತಿದ್ದ ಜಾಗವನ್ನೂ ತನ್ನ ಅಳಿಯನಿಗೆ ಕೊಟ್ಟ. ಡಾಕ್ಟರ ಮಾತನ್ನು ನಾನು ಅವತ್ತೇ ದಿನಚರಿಯಲ್ಲಿ ಬರೆದಿದ್ದೆ; ಅವನಿಗೆ ಓದಿ ಹೇಳಿದೆ. "ಸಣ್ಣವ ಅದಿ, ಸುಮ್ನಿರಪಾ" ಎಂದ. ಎಂಥ ಅನ್ಯಾಯ!

ವಾರದೊಳಗೆ ಹೃದಯ ಚೇತರಿಸಿತು. ಆಪರೇಷನ್ನಿಗೆ ಸೀಳಿದ್ದ ಎದೆಯ ಮೂಳೆ ಕೂಡಿ, ಡಾಕ್ಟರೂ ಒಪ್ಪಿದ ಮೇಲೆ, ಸಂತೆಯ ದಿನ ಅವರು ಮರದಡಿ ಬಂದು ನಿಂತರು.

"ನಿನಗ್ಯಾಕಣ್ಣಾ ಇನ್ನ ಈ ಉಸಾಬರಿ? ಮನ್ಯಾಗ ಆರಾಮ ಕುಂಡ್ರು," ಎಂದ ತಮ್ಮ.

"ಎತ್ತಿಗಿ ಕೊಡೂವಷ್ಟು ಹೊತ್ತು ನನಗ ಕೊಡಲಿಲ್ಲಲ್ಲೋ," ಎಂದು ಅವರು ಸುತ್ತಿಗೆಗಾಗಿ ಅಂಗೈ ಚಾಚಿದರು.

ಅಳಿಯ ತಲೆಯೆತ್ತದೆ ನಾಲು ಬಡಿಯುತ್ತಲೇ ಇದ್ದ.