ಪೈಪು ಮುರಿದಿಲ್ಲ

ನಮ್ಮ ಊರಿನಲ್ಲಿ ಈಗ ಯಾರನ್ನು ಕೇಳಿದರೂ ಒಂದೇ ಕಥೆ. ಪಿಕಪ್ ಗಾಡಿಯ ಬದಿಗೆ ಆ ಹುಡುಗಿ ಹಟ ಹಿಡಿದು ಹಾಕಿಸಿದ ಪೈಪು ಮುರಿಯಿತು, ಅದರ ಮೇಲೆ ನಿಂತಿದ್ದ ಅವಳ ಕಾಕಾ ಬಿದ್ದು ಕೈ ಮುರಿದುಕೊಂಡರು. ಕಥೆ ಚಿಕ್ಕದು, ಹೇಳಲು ಸಲೀಸು, ಕೊನೆಗೊಂದು ನೀತಿಯೂ ಉಂಟು: ಹೆಣ್ಣುಮಕ್ಕಳ ಕೈಗೆ ಬೋಲ್ಟು ತಿರುವುವ ಪಾನಾ ಕೊಡಬಾರದು. ಆ ಹುಡುಗಿ ನಾನೇ. ತೊಂದರೆ ಇಷ್ಟೇ, ಪೈಪು ಮುರಿದಿಲ್ಲ. ಅದು ಈಗಲೂ ನಮ್ಮ ಮನೆ ಮುಂದೆ ನಿಂತ ಗಾಡಿಗೆ ಬಿಗಿಯಾಗಿ ಕೂತಿದೆ. ಬಂದು ನೋಡಬಹುದು. ಬಂದವರು ನೋಡಿದ್ದಾರೆ ಕೂಡ. ನೋಡಿ, ಕೈಯಿಂದ ಜಗ್ಗಿ, ಒಬ್ಬರಂತೂ ಒದ್ದು, ಹೊರಗೆ ಹೋಗಿ ಮತ್ತೆ ಮುರಿದಿದೆ ಎಂದೇ ಹೇಳಿದ್ದಾರೆ.

ಎದುರು ಮನೆಯ ಅಜ್ಜಿ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಪೈಪಿನ ಮೇಲಿದ್ದ ಒಂದು ಹಳೆಯ ಗೀರನ್ನು ಬೆರಳಿಂದ ಸವರಿ, "ಇಲ್ಲೇ ಮುರದೈತಿ ನೋಡು" ಅಂದರು.

"ಅಜ್ಜಿ, ಅದು ಬಣ್ಣ ಕಿತ್ತದ್ದು. ಸವಣೂರಾಗ ಕಲ್ಲಿಗೆ ತಿಕ್ಕೈತಿ. ಪೈಪ್ ಎಲ್ಲಿ ಮುರದೈತಿ?"

"ಮುರದಿಲ್ಲ ಅಂದ್ರ ಮನಷ್ಯಾ ಹೆಂಗ ಬಿದ್ದಾನ?"

ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತಾಗ ಇಂಥ ವಾದ ಹೂಡಿದವರನ್ನು ನಾನು ಎರಡು ಮಾತಿನಲ್ಲಿ ಕೂರಿಸಿದ್ದೇನೆ. ಆದರೆ ಮೊದಲೇ ಕೂತ ಅಜ್ಜಿಯನ್ನು ಏನು ಮಾಡಬೇಕು ಎಂಬುದನ್ನು ಅಲ್ಲಿ ಯಾರೂ ಕಲಿಸಿರಲಿಲ್ಲ.

ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಗಾಡಿ ಅಪ್ಪ ಮತ್ತು ಕಾಕಾ, ಎಂದರೆ ಅಪ್ಪನ ತಮ್ಮ, ಇಬ್ಬರೂ ಕೂಡಿ ತೆಗೆದುಕೊಂಡದ್ದು. ಓಡಿಸುವವಳು ನಾನು. ಓದು ಮುಗಿಸಿ ಬಂದ ಮೇಲೆ ಸವಣೂರಿನ ತೋಟಗಳಿಂದ ವೀಳ್ಯದೆಲೆ ತಂದು ಹಾನಗಲ್, ಅಕ್ಕಿಆಲೂರು, ಹಿರೇಕೆರೂರಿನ ಅಂಗಡಿಗಳಿಗೆ ಹಾಕುವ ವ್ಯಾಪಾರ ಹಿಡಿದೆ. ಒಂದು ದಿನ ತಡವಾದರೆ ಎಲೆ ಬಾಡುತ್ತದೆ, ಎರಡು ದಿನ ತಡವಾದರೆ ಅಂಗಡಿಯವರು ಬೇರೆಯವರನ್ನು ಹುಡುಕುತ್ತಾರೆ. ಈ ಮನೆಯಲ್ಲಿ ನನ್ನದು ಅಂತ ಇರುವ ಕೆಲಸ ಇದೊಂದೇ. ಗಾಡಿಯ ಕೀಲಿ ಹೋದರೆ ಇದೂ ಹೋಯಿತು.

ಸವಣೂರಿನ ಆ ತೋಟಕ್ಕೆ ಹೋಗುವ ಓಣಿ ಎತ್ತಿನ ಬಂಡಿಯ ಅಳತೆಗೆ ಮಾಡಿದ್ದು. ಎರಡೂ ಬದಿಗೆ ಮೊಣಕಾಲೆತ್ತರದ ಕಲ್ಲು ನೆಟ್ಟಿದ್ದಾರೆ. ಮಳೆಗಾಲದಲ್ಲಿ ಗಾಲಿ ಜಾರಿ, ಬಾಗಿಲ ಕೆಳಗಿನ ತಗಡು ಕಲ್ಲಿಗೆ ಬಡಿದು ಒಳಗೆ ಹೋಯಿತು, ಬಾಗಿಲು ಮುಚ್ಚಲೊಲ್ಲದು. ಹಗ್ಗದಿಂದ ಕಟ್ಟಿಕೊಂಡು ಊರಿಗೆ ಬಂದೆ. ತಟ್ಟಿಸಿ ಸರಿ ಮಾಡಿಸಿದೆ. ಮತ್ತೆ ಅದೇ ಕಲ್ಲು, ಅದೇ ತಗಡು. ಕಲ್ಲು ಕೀಳಿಸಿ ಎಂದರೆ ತೋಟದವರು, "ಅಜ್ಜಾರ ಕಾಲದ್ದ ಕಲ್ಲು, ನಿಮ್ಮ ಗಾಡಿ ನಿನ್ನೆ ಮೊನ್ನೇದು" ಎಂದರು. ಅದೂ ಸರಿಯೇ. ಹಾಗಾದರೆ ಗಾಡಿಯ ಎರಡೂ ಬದಿಗೆ, ಬಾಗಿಲುಗಳ ಕೆಳಗೆ, ಉದ್ದಕ್ಕೂ ದಪ್ಪ ಪೈಪು ಹಾಕಿಸುವುದು. ಕಲ್ಲು ಬಡಿಯುವುದಾದರೆ ಅದಕ್ಕೆ ಬಡಿಯಲಿ ಎಂದು ನಿಶ್ಚಯಿಸಿದೆ.

"ಹೊಸಾ ಪೈಪ್ ಯಾಕ? ಹಿತ್ತಲದಾಗ ಬೋರಿನ ಪೈಪ್ ಬಿದ್ದಾವಲ್ಲ," ಅಂದರು ಕಾಕಾ.

"ಅವು ತೆಳ್ಳಗ ಅದಾವು ಕಾಕಾ, ಒಳಗ ತುಕ್ಕ ಹಿಡದಾವು."

"ಬೋರಿನ್ಯಾಗ ನೀರಂತೂ ಬರಲಿಲ್ಲ. ಪೈಪರ ಉಪಯೋಗಕ್ಕ ಬರಲಿ ಬಿಡು."

ಇದು ವಾದವಲ್ಲ, ದುಃಖ. ದುಃಖಕ್ಕೆ ಉತ್ತರ ಕೊಡುವುದು ಕಷ್ಟ ಎಂದು ಒಂದು ಪೈಪನ್ನು ಹೊತ್ತುಕೊಂಡೇ ಶಿಗ್ಗಾವಿಯ ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಅದರ ತುದಿಗೆ ಒಂದು ಬೆಸುಗೆ ಹಾಕಿ ನೋಡಿದರು. ಬಿಳಿ ಹೊಗೆ ಎದ್ದು ನಾವೆಲ್ಲ ಕೆಮ್ಮುತ್ತ ರಸ್ತೆಗೆ ಬಂದೆವು. ಹೊಗೆ ಆರಿದ ಮೇಲೆ ನೋಡಿದರೆ ಪೈಪಿನ ತುದಿ ತೂತು. ಕಾಕಾಗೆ ಅದನ್ನು ತೋರಿಸಿ ದಪ್ಪ ಪೈಪಿಗೆ ಒಪ್ಪಿಗೆ ಪಡೆದೆ.

ಮುಂದಿನ ಜಗಳ ಚಾಚಾನ ಜೊತೆ, ಪೈಪನ್ನು ಚಾಸಿಗೆ, ಎಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಹೇಗೆ ಕೂರಿಸಬೇಕು ಎಂದು.

"ತಂಗಿ, ಚಾಸಿಗೆ ಸೀದಾ ವೆಲ್ಡಿಂಗ್ ಹೊಡದ ಬಿಡ್ತೇನಿ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡೂದಿಲ್ಲ."

"ಚಾಸಿಗೆ ಬೆಂಕಿ ಬ್ಯಾಡ್ರಿ ಚಾಚಾ. ಕಾದ ಜಾಗಾದಾಗ ಮುಂದ ಸೀಳ ಬಿಡ್ತೈತಿ. ಬೋಲ್ಟ್ ಹಾಕ್ರಿ."

"ಯಾರ ಹೇಳಿದ್ರು? ಮೊಬೈಲ್ ಹೇಳ್ತೇನು?"

"ಮೊಬೈಲೂ ಹೇಳ್ತು. ನಿಮ್ಮ ಅಂಗಡಿ ಮುಂದ ನಿಂತ ಟ್ರೇಲರೂ ಹೇಳಾಕತ್ತೈತಿ. ನೀವು ಹಾಕಿದ ಬೆಸುಗಿ ಬಾಜೂಕ ಸೀಳೈತಿ ನೋಡ್ರಿ."

ಚಾಚಾ ಟ್ರೇಲರ್ ಕಡೆ ತಿರುಗಿಯೂ ನೋಡಲಿಲ್ಲ. "ಅದು ಕಬ್ಬಿನ ಟ್ರೇಲರ್. ಕಬ್ಬ ಹೇರಿದ್ರ ಭೂಮಿನೂ ಸೀಳ್ತೈತಿ. ಇಷ್ಟ ಮಾತಾಡ್ತಿಯಲ್ಲ, ನಿನ್ನ ಗಂಡ ಆಗಾಂವ ಕಿವಿಗೆ ಹತ್ತಿ ಇಟಗೊಂಡ ಬರಬೇಕು."

ಕೊನೆಗೆ ನನ್ನ ಮಾತೇ ನಡೆಯಿತು. ಚಾಸಿಯನ್ನು ಒಳಗಿಂದ ಒಂದು, ಹೊರಗಿಂದ ಒಂದು ಕಬ್ಬಿಣದ ಪಟ್ಟಿಯ ನಡುವೆ ಹಿಡಿದು ಬೋಲ್ಟಿನಿಂದ ಬಿಗಿಯುವುದು, ಹೊರಗಿನ ಪಟ್ಟಿಗೆ ತೋಳು, ತೋಳಿಗೆ ಪೈಪು. ಬಗ್ಗಿದರೆ ಬಿಚ್ಚಿ ಬೇರೆ ಹಾಕಬಹುದು. ರಟ್ಟು ಕತ್ತರಿಸಿ ಅಳತೆ ಮಾಡಿಕೊಟ್ಟೆ. ಚಾಚಾ ಆ ಒಂದೇ ರಟ್ಟಿನಿಂದ ಎರಡೂ ಬದಿಯ ಪಟ್ಟಿಗಳನ್ನು ಕೊರೆದು ತೋಳು ಕೂರಿಸಿಟ್ಟಿದ್ದರು.

"ಚಾಚಾ, ಎರಡೂ ಎಡಗಡೇವ ಆಗ್ಯಾವಲ್ರಿ!"

"ತಿರುವಿ ಹಾಕಿದ್ರ ಬಲಗಡೇದು."

"ತಿರುವಿದ್ರ ತೋಳು ಒಳಗ ಹೋಗ್ತಾವು. ಪೈಪನ್ನ ಎಂಜಿನ್‌ಗೆ ಕಟ್ಟೂಣೇನು?"

ಚಾಚಾ ಸ್ವಲ್ಪ ಹೊತ್ತು ಪಟ್ಟಿಯನ್ನು ಹಿಂದೆಮುಂದೆ ತಿರುವಿ, "ಕಂಪನಿಯವ್ರು ಗಾಡಿ ತಪ್ಪ ಮಾಡ್ಯಾರ" ಎಂದು ತೀರ್ಪು ಕೊಟ್ಟು, ಬಲಗಡೆಯವನ್ನು ಹೊಸದಾಗಿ ಕೊರೆಯಲು ಕೂತರು.

ಪೈಪು ಹಾಕಿಸಿಕೊಂಡು ಊರಿಗೆ ಬಂದ ಸಂಜೆ ಕಾಕಾ ಕಾಯಿ ತಂದು ಅದಕ್ಕೇ ಒಡೆದರು, ನೀರು ಚಿಮುಕಿಸಿದರು, ಎಲ್ಲರೂ ನೋಡುತ್ತಿದ್ದಂತೆ ಚಪ್ಪಲಿ ಬಿಟ್ಟು ಒಂದು ಕಾಲಿಟ್ಟು ಮೇಲೇರಿದರು.

"ಮೆಟ್ಲ ಬರೋಬ್ಬರಿ ಆತು."

"ಕಾಕಾ, ಇದು ಮೆಟ್ಲ ಅಲ್ಲ. ಗಾಡಿಗೆ ಕಾವಲು."

"ಕಾಲಿಟ್ರ ಕಾವಲು ಓಡಿ ಹೋಗ್ತೈತೇನು?"

ಅಂದಿನಿಂದ ಅದು ಮೆಟ್ಟಿಲು. ನಮ್ಮ ಕಡೆ ದಾರಿಯಲ್ಲಿ ಕೈ ಮಾಡಿದವರನ್ನು ಬಿಟ್ಟು ಹೋದರೆ ಸೊಕ್ಕು ಅನ್ನುತ್ತಾರೆ. ಹಿಂದೆ ಎಲೆ ತುಂಬಿದೆ, ಜಾಗ ಇಲ್ಲ ಎಂಬ ನನ್ನ ಹಳೆಯ ಉತ್ತರ ಈಗ ನಡೆಯಲಿಲ್ಲ. "ಜಾಗಾ ಬ್ಯಾಡವಾ, ಮೆಟ್ಲ ಐತೆಲ್ಲ" ಎಂದು ಹತ್ತಿ, ಕಿಟಕಿ ಹಿಡಿದು ನಿಲ್ಲುವವರು. ಗಾಡಿ ನಿಲ್ಲಿಸಿ ಇಳಿಸುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಅವ್ವ, "ಮಂದಿಗೆಲ್ಲ ಭಾಷಣ ಮಾಡಬ್ಯಾಡ, ನಾಳೆ ನಮಗೂ ಮಂದಿ ಬೇಕು" ಅನ್ನುತ್ತಿದ್ದಳು. ಪೈಪು ಕಲ್ಲಿನ ಏಟು ತಡೆಯಲು ಮಾಡಿದ್ದು, ಮನುಷ್ಯರನ್ನು ಹೊರಲು ಅಲ್ಲ. ಇಷ್ಟು ಸರಳ ಮಾತು ಒಬ್ಬರ ಕಿವಿಗೂ ಬೀಳಲಿಲ್ಲ.

ಗೋವಿನಜೋಳ ಕೊಯ್ದು ರಸ್ತೆಯ ಮೇಲೆ ಒಣಹಾಕುವ ದಿನಗಳು. ಕಾಕಾನ ಸೊಸೆ, ನನಗೆ ವೈನಿ, ಹಿರೇಕೆರೂರಿನ ಕಡೆಯವಳು. ಅವಳ ತಾಯಿಗೆ ಕಣ್ಣಿನ ಆಪರೇಷನ್ ಆಗಿತ್ತು, ಹೋಗಬೇಕಾಗಿತ್ತು. ಅವಳ ಗಂಡನಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ, ಬಸ್ಸು ತಪ್ಪಿತ್ತು. ನಾನು ಹೇಗೂ ಎಲೆ ಹೇರಿಕೊಂಡು ಹಿರೇಕೆರೂರಿಗೆ ಹೊರಟವಳು, ನಾನೇ ಬಿಡುತ್ತೇನೆ ಎಂದೆ. ಇಲ್ಲ, ಮನೆಯ ಗಂಡಸರು ಜೊತೆಗಿಲ್ಲದೆ ಸೊಸೆಯನ್ನು ಕಳಿಸಿದರೆ ಬೀಗರು ಏನೆಂದಾರು? ಕಾಕಾ ಧೋತರ ಉಟ್ಟು ಸಿದ್ಧರಾದರು.

ಗಾಡಿಯ ಮುಂದೆ ಇರುವುದು ಒಂದೇ ಉದ್ದನೆಯ ಗಾದಿ. ನಾನು, ನಡುವೆ ವೈನಿ, ಬಾಗಿಲ ಕಡೆ ಕಾಕಾ. ಮೂವರು ಸಲೀಸಾಗಿ ಕೂರಬಹುದು. ಆದರೆ ಮಾವನಾದವನು ಸೊಸೆಯ ಸರಿಸಮ ಒಂದೇ ಗಾದಿಯ ಮೇಲೆ ಕೂರುವುದು ನಮ್ಮ ಮನೆಯಲ್ಲಿ ಹಿಂದೆಂದೂ ನಡೆದಿಲ್ಲ.

"ನಡಕ ಎಲಿ ಪೆಂಡಿ ಇಡ್ತೇನಿ ಕಾಕಾ, ಗ್ವಾಡಿ ಇದ್ದಂಗ."

"ಪೆಂಡಿ ಇಟ್ರ ಗಾದಿ ಎರಡ ಆಗ್ತಾವೇನು?"

"ಹಂಗಾರ ನೀವು ಹಿಂದ ಕುಂಡ್ರಿ."

"ದೇವ್ರಿಗೆ ಹೋಗೂ ಎಲಿ ಮ್ಯಾಲ ಕುಂಡಿ ಊರಲೇನು?"

"ಬಸ್ಸಿನ್ಯಾಗ ಗುರತಿಲ್ಲದ ಹೆಂಗಸರ ಬಾಜೂಕ ಕುಂಡ್ರತೀರಲ್ಲ?"

"ಅವ್ರು ನನ್ನ ಸೊಸ್ತ್ಯಾರಲ್ಲ. ವಕೀಲ್ತಿ, ಗಾಡಿ ಚಾಲೂ ಮಾಡು."

ಹಾಗೆ ಹೇಳಿ ಎಡಬದಿಯ ಪೈಪಿನ ಮೇಲೆ ಹತ್ತಿ ನಿಂತರು. ನಾನು ಕೀಲಿ ತಿರುವಲಿಲ್ಲ. ಅವ್ವ ಬಂದು ಬೈದಳು, ಅಪ್ಪ ಬಂದು "ನಿಧಾನ ಹೋಗು, ಏನಾಗೂದಿಲ್ಲ" ಎಂದರು. ವೈನಿ ಸೆರಗು ಎಳೆದುಕೊಂಡು ಕಣ್ಣೀರು ತಡೆದು ಕೂತಿದ್ದಳು. ಅವಳಿಗೆ ಬೇಕಾದದ್ದು ತಾಯಿಯ ಬಳಿಗೆ ಮುಟ್ಟುವುದು. ಹೊರಟೆ. ಒಂದೇ ಗಾದಿಯ ಮೇಲೆ ಕೂತರೆ ಹೋಗುವ ಮರ್ಯಾದೆ, ಸೊಸೆಯ ಕಿಟಕಿಗೆ ಗೇಣು ದೂರದಲ್ಲಿ ನಿಂತರೆ ಹೇಗೆ ಉಳಿಯುತ್ತದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಉಳಿಸಲೆಂದೇ ಅವರು ಮುಖವನ್ನು ಹೊಲಗಳ ಕಡೆ ತಿರುಗಿಸಿ, ಬೆನ್ನ ಹಿಂದಿನಿಂದ ಒಂದು ಕೈಯಲ್ಲಿ ಕಿಟಕಿಯ ಅಂಚು ಹಿಡಿದಿದ್ದರು.

ಅಕ್ಕಿಆಲೂರು ದಾಟಿದ ಮೇಲೆ ಅರ್ಧ ರಸ್ತೆಗೆ ಗೋವಿನಜೋಳ ಹರವಿ, ಗಾಡಿ ಹತ್ತಬಾರದೆಂದು ಸುತ್ತ ಕಲ್ಲು ಇಟ್ಟಿದ್ದರು. ಎದುರಿನಿಂದ ಟ್ರ್ಯಾಕ್ಟರ್ ಬಂತು. ನಡೆಯುವವರಷ್ಟು ನಿಧಾನ ಮಾಡಿ ಎಡಕ್ಕೆ ತೆಗೆದುಕೊಂಡೆ. ಹಿಂದಿನ ಗಾಲಿ ಒಂದು ಕಲ್ಲು ಹತ್ತಿ ಇಳಿಯಿತು. ಗಾಡಿ ಕುಲುಕಿತು. ಕಾಕಾ ಅಲ್ಲಾಡಿದರು, ಬೀಳಲಿಲ್ಲ. ಇದು ಮುಖ್ಯ: ಬೀಳಲಿಲ್ಲ. ಆಗ ವೈನಿ "ಅಯ್ಯಯ್ಯೋ ಮಾವಾರ" ಎಂದು ಚೀರಿ, ಕಿಟಕಿಯ ಅಂಚಿನಲ್ಲಿದ್ದ ಅವರ ಕೈಯನ್ನು ತನ್ನ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು. ಕಾಕಾ ತಿರುಗಿ ನೋಡಿದರು. ಕೆಂಡ ಮುಟ್ಟಿದವರಂತೆ ಕೈ ಕೊಸರಿ ಎಳೆದುಕೊಂಡರು. ಆಮೇಲೆ ಹಿಡಿಯಲು ಏನೂ ಉಳಿದಿರಲಿಲ್ಲ.

ಜೋಳದ ರಾಶಿಯ ಅಂಚಿಗೆ ಬಿದ್ದರು. ಮುಂಗೈ ಕೆಳಗೆ ಸಿಕ್ಕಿತು. ನಾನು ಇಳಿದು ಓಡುವಷ್ಟರಲ್ಲಿ ಎದ್ದು ಕೂತಿದ್ದರು. ಅವರನ್ನು ಗಾಡಿಯ ಒಳಗೆ ಕೂರಿಸಲು ತಿರುಗಿದರೆ, ವೈನಿ ಆಗಲೇ ಇಳಿದು, ಹಿಂದೆ ಹತ್ತಿ, ಎಲೆಯ ಪೆಂಡಿಗಳ ಸಂದಿಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ಯಾರೂ ಹೇಳಿರಲಿಲ್ಲ. ಅಕ್ಕಿಆಲೂರಿನ ದವಾಖಾನೆಗೆ ಗಾಡಿ ತಿರುಗಿಸಿದೆ. ಖಾಲಿಯಾದ ಗಾದಿಯ ಮೇಲೆ ಕೂತು ಕಾಕಾ ಆಡಿದ ಮೊದಲ ಮಾತು:

"ಪೈಪ್ ಅಳ್ಳಾಡ್ತು."

ದವಾಖಾನೆಯಲ್ಲಿ ಅದು "ಪೈಪ್ ಜಗ್ಗಿತು" ಆಯಿತು. ಹಾವೇರಿಗೆ ಹೋಗಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಮುರಿದಿತ್ತು. ನೋಡಲು ಬಂದ ಚಾಚಾ ಕೂಡ, ತಾನೇ ಮಾಡಿದ ಪೈಪಿನ ಮುಂದೆ ನಿಂತು, "ವೆಲ್ಡಿಂಗ್ ಮಾಡಿದ್ರ ಹಿಂಗ ಆಗತಿದ್ದಿಲ್ಲ" ಎಂದರು. "ಏನಾಗೈತ್ರಿ ಚಾಚಾ, ತೋರಸ್ರಿ" ಎಂದರೆ ಚಹಾ ಕುಡಿಯತೊಡಗಿದರು.

ಗಾಡಿಯ ಕೀಲಿ ಈಗ ಕಾಕಾನ ಅಂಗಿಯ ಕಿಸೆಯಲ್ಲಿದೆ. ಅಪ್ಪ, "ಅಂವಗ ಸಮಾಧಾನ ಆಗೂ ಮಟ ಗಪ್ಪಿರು" ಅನ್ನುತ್ತಾರೆ. ಸವಣೂರಿನ ತೋಟದವರು ಫೋನ್ ಮಾಡುತ್ತಿದ್ದಾರೆ. ಹಿರೇಕೆರೂರಿನ ಒಬ್ಬ ಅಂಗಡಿಯವರು ಬೇರೆಯವರ ಎಲೆ ಹಿಡಿದಿದ್ದಾರೆ. ಮುಂದಿನ ಸೋಮವಾರ ಪೈಪು ಬಿಚ್ಚಿಸಿ, ಗಾಡಿಗೆ ಪಗಾರದ ಡ್ರೈವರನ್ನು ಇಡುವುದು ಎಂದು ಮಾತಾಗಿದೆ. ಬೋಲ್ಟು ಹಾಕಿಸಿದ್ದರಿಂದ ಬಿಚ್ಚುವುದು ಸುಲಭ.

ಈ ಇಡೀ ಕಥೆಯನ್ನು ಕೆಡವಲು ನನಗೆ ಒಂದೇ ಸಾಕ್ಷಿ ಸಾಕು. ವೈನಿಯ ಬಳಿ ಹೋದೆ. ಅವಳು ಬಟ್ಟೆ ಹಿಂಡುತ್ತಿದ್ದಳು.

"ವೈನಿ, ಅವತ್ತ ಆದದ್ದ ಆದಂಗ ಹೇಳ್ತಿಯೇನು?"

"ಏನಂತ ಹೇಳ್ಲಿ? ಮಾವನ ಕೈ ಹಿಡದ್ನಿ ಅಂತ ಹೇಳ್ಲೇನು?"

"ಬೀಳೂ ಮನಷ್ಯಾನ್ನ ಹಿಡದಿ. ಅದರಾಗ ತಪ್ಪೇನೈತಿ?"

"ತಪ್ಪಿಲ್ಲ ಅಂತ ನಿನಗ ಗೊತ್ತೈತಿ, ನನಗ ಗೊತ್ತೈತಿ. ಈ ಮನ್ಯಾಗ ನಾ ಇನ್ನೂ ಬಾಳೇವು ಮಾಡಬೇಕು. ನನ್ನ ಹೆಸರ ಮಂದ್ಯಾಗ ತಗೀಬ್ಯಾಡ ಮಾರಾಯ್ತಿ."

"ಬರದ್ರ?"

ಅವಳು ಹಿಂಡಿದ ಸೀರೆಯನ್ನು ಕೊಡವಿದಳು. "ಬರಕೋ. ಅವ್ರೇನು ಓದೂದಿಲ್ಲ."

ಹಾಗಾಗಿ ಮಂದಿಯ ಮುಂದೆ ಬಾಯಿ ಕಟ್ಟಿಕೊಂಡಿದ್ದೇನೆ. ಗೆಲ್ಲುವ ಮಾತು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಸೋಲುವುದು ಎಂಥ ಕಿರಿಕಿರಿ ಎಂದು ಚರ್ಚೆಯ ಕಟ್ಟೆ ಹತ್ತಿದವರಿಗಷ್ಟೇ ಗೊತ್ತು. ಆದರೆ ಕಾಕಾ ಮಂದಿಯಲ್ಲ. ನಿನ್ನೆ ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ್ದಾಗ ಅವರು ಪಡಸಾಲೆಯಲ್ಲಿ ಒಬ್ಬರೇ, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದರು. ಹೋಗಿ ಎದುರಿಗೆ ಕೂತೆ. ಕೀಲಿ ಕೇಳಲು ಬಂದೆನೆಂದು ತಿಳಿದು ಅವರ ಇನ್ನೊಂದು ಕೈ ಕಿಸೆಯ ಮೇಲೆ ಹೋಯಿತು. ನಾನು ಕೀಲಿ ಕೇಳಲಿಲ್ಲ.

"ಕಾಕಾ, ಪೈಪ್ ಮುರದಿಲ್ಲ ಅಂತ ನಿಮಗೂ ಗೊತ್ತೈತಿ. ಒಂದ ಹೇಳ್ರಿ. ಬೀಳೂದಕ್ಕಿಂತ, ನಿಮ್ಮ ಜೀವ ಉಳಸಾಕ ಹಿಡದ ಆ ಕೈ ನಿಮಗ ಅಷ್ಟ ಕೆಟ್ಟದ್ದಾತೇನ್ರಿ?"