ಕಮಲಾಪುರದ ಮಾಳಿಗೆ ಕುಸಿದ ದಿನ

ಕಲಬುರಗಿ ಬಸ್ ನಿಲ್ದಾಣ ಬಿಟ್ಟಾಗ ನನ್ನ ತೊಡೆಯ ಮೇಲೆ ಮಡಚಿದ ಹೊಸ ತಾಡಪತ್ರಿ ಇತ್ತು. ಮಳೆಗೆ ಮನೆಯ ಮೇಲೆ ಹೊದಿಸಲೆಂದು ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಅಂಗಡಿಯವರು ಬಾಗಿಲು ತೆರೆಯುವುದನ್ನೇ ಕಾದು ಕೊಂಡದ್ದು. ಬೆಳಕು ಹರಿಯುವಾಗ ಕಲಬುರಗಿಯ ಬ್ರಹ್ಮಪುರ ಬಡಾವಣೆಯ ನಮ್ಮ ಮನೆಗೆ ಮಹಾದೇವಿಯ ಫೋನ್ ಬಂದಿತ್ತು.

“ಅಕ್ಕಾರ, ನಡುವಿನ ತೊಲಿ ಸೀಳ್ಯಾದರಿ. ಮಣ್ಣು ಉದುರಾಕತ್ತದ. ಲಗೂ ಬರ್ರಿ.”

ಮಹಾದೇವಿ ಕಮಲಾಪುರದಲ್ಲಿರುವ ನನ್ನ ಮನೆಯ ಬಾಡಿಗೆದಾರಳು. ನಮ್ಮವ್ವ ಆ ಊರಿನಲ್ಲಿ ನರ್ಸ್ ಆಗಿದ್ದಾಗ ಕೊಂಡ, ತೊಲೆಗಳ ಮೇಲೆ ಮಣ್ಣು ಹಾಸಿ ಚಾವಣಿ ಮಾಡಿದ ಹಳೆಯ ಮಾಳಿಗೆ ಮನೆ ಅದು. ಅವಳ ನಂತರ ನನಗೆ ಬಂತು. ಮಹಾದೇವಿ ಅಲ್ಲಿ ಜೋಳದ ರೊಟ್ಟಿ ಬಡಿದು ಕಲಬುರಗಿಯ ಖಾನಾವಳಿಗಳಿಗೆ ಕಳಿಸುತ್ತಾಳೆ. ಗಂಡ ಲಾರಿ ಚಾಲಕ, ಆಗ ಸೊಲ್ಲಾಪುರದ ಕಡೆ ಹೋಗಿದ್ದ. ಮನೆಯಲ್ಲಿದ್ದವಳು ಅವಳ ಅತ್ತೆ ಕಾಶಿಬಾಯಿ ಮಾತ್ರ. ಸೊಂಟ ಮುರಿದುಕೊಂಡ ಮೇಲೆ ಆ ಮುದುಕಿ ಹಾಸಿಗೆ ಬಿಟ್ಟು ಎದ್ದಿರಲಿಲ್ಲ.

ಗಾರೆ ಕೆಲಸ ಮಾಡುವ ಪರಿಚಯದ ಗೌಂಡಿಗೆ ಫೋನ್ ಮಾಡಿ ಕರೆದಿದ್ದೆ. “ಮಳಿ ನಿಲ್ಲಲಿ ಬಾಯಾರ. ಹಸಿ ಮಾಳಿಗಿ ಮ್ಯಾಲ ಯಾರು ಏರ್ತಾರ?” ಎಂದು ಫೋನ್ ಇಟ್ಟುಬಿಟ್ಟ. ಹಾಗಾಗಿ ತಾಡಪತ್ರಿಯೊಂದೇ ನನ್ನ ಜೊತೆ ಹೊರಟಿತು.

ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಬಸ್ಸು ತುಂಬಿತ್ತು. ಕಮಲಾಪುರ ನಲವತ್ತು ಕಿಲೋಮೀಟರಿನ ಆಸುಪಾಸು. ಆ ಮಳೆಯಲ್ಲಿ ಮಾಮೂಲಿಗಿಂತ ತಡವಾಯಿತು. ಎರಡೂ ಕಡೆ ತೊಗರಿ ಹೊಲಗಳಲ್ಲಿ ನೀರು ನಿಂತಿತ್ತು. ಕಂಡಕ್ಟರ್ ತೊಡೆಯ ಮೇಲಿನ ತಾಡಪತ್ರಿ ನೋಡಿ, “ರಾಶಿ ಮುಚ್ಚಲಿಕ್ಕೇನ್ರಿ?” ಎಂದ.

“ಇಲ್ಲಪ್ಪ, ಮನಿ ಸೋರಾಕತ್ತದ.”

“ಎಲ್ಲರವೂ ಸೋರಾಕತ್ಯಾವ ತಗೋರಿ,” ಎಂದು ಮುಂದೆ ಹೋದ.

ಕಮಲಾಪುರದ ನಿಲ್ದಾಣದಲ್ಲಿ ಕೆಂಪು ಬಾಳೆಗೊನೆಗಳಿಗೆ ಪ್ಲಾಸ್ಟಿಕ್ ಹೊದಿಸಿ ಮಾರುವವರು ಕುಳಿತಿದ್ದರು. ನಮ್ಮ ಓಣಿಗೆ ಆಟೋದವರು ಬರಲೊಪ್ಪಲಿಲ್ಲ. ಕಪ್ಪು ರಾಡಿಯಲ್ಲಿ ಚಪ್ಪಲಿ ಹೂತು ಹೋಗುತ್ತಿದ್ದವು, ಕೈಯಲ್ಲಿ ಹಿಡಿದು ನಡೆದೆ.

ಮಹಾದೇವಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ನೋಡಿದರೆ ನಡುತೊಲೆ ಬಿಲ್ಲಿನಂತೆ ಬಾಗಿದೆ, ಸೀಳಿನಿಂದ ಒದ್ದೆ ಮಣ್ಣು ಉದುರುತ್ತಿದೆ. ಅದರ ನೇರ ಕೆಳಗೆ ಕಾಶಿಬಾಯಿ ಮಲಗಿದ ಹೊರಸು.

“ಒಬ್ಬಾಕಿಗೆ ಎತ್ತಲಿಕ್ಕೆ ಆಗ್ಲಿಲ್ಲರಿ,” ಎಂದಳು ಮಹಾದೇವಿ. “ಒಳಗ ಬರ್ರಿ ಅಂದ್ರ ಯಾರೂ ಬರವಲ್ಲರು.”

ನನಗೂ ಒಳಗೆ ಹೋಗಲು ಹೆದರಿಕೆಯಾಯಿತು. ಆದರೆ ಮುದುಕಿಯ ಕೌದಿಯ ಮೇಲೆ ಮಣ್ಣು ಬೀಳುವುದು ಕಾಣುತ್ತಿತ್ತು. ಇಬ್ಬರೂ ಒಳಗೆ ಹೋಗಿ ಅವಳ ಕೆಳಗೆ ಹಾಸಿದ್ದ ಕೌದಿಯ ತುದಿಗಳನ್ನು ಹಿಡಿದು ಎತ್ತಿದೆವು. “ಬಿಡ್ರೆವ್ವಾ, ನೋಯ್ತದ, ಬಿಡ್ರಿ,” ಎಂದು ಅವಳು ಕೂಗುತ್ತಿದ್ದಳು. ಎದುರು ಮನೆಯ ಕಟ್ಟೆಯ ಮೇಲೆ ತಂದು ಮಲಗಿಸಿದೆವು.

ಊರಿನ ಗೌಂಡಿ ಖಾಜಾಮಿಯಾ ಬಂದ. ಹೊಸ್ತಿಲು ದಾಟಲಿಲ್ಲ, ಕತ್ತೆತ್ತಿ ನೋಡಿದ.

“ಮ್ಯಾಲಿನ ಮಣ್ಣು ನೀರು ಕುಡದು ವಜ್ಜಾ ಆಗ್ಯಾದರಿ, ತೊಲಿ ಭಾರ ತಡಿಯಂಗಿಲ್ಲ.”

“ಕಂಬ ಕೊಟ್ಟು ನಿಲ್ಲಸ್ಲಿಕ್ಕೆ ಬರ್ತದೇನು?”

“ಬರ್ತದ. ಆದ್ರ ಕಂಬ ಕೊಡೋವ್ನ ಮ್ಯಾಲೇ ಬಿದ್ರ ಏನ್ ಮಾಡ್ತೀರಿ ಬಾಯಾರ? ನೀವೇ ಹೇಳ್ರಿ, ಹೋಗಂದ್ರ ಹೋಗ್ತೀನಿ.”

“ಬ್ಯಾಡಪ್ಪ, ಹೋಗಬ್ಯಾಡ,” ಎಂದೆ. ಮನೆ ಉಳಿಯುವ ಆಸೆ ಅಲ್ಲಿಗೇ ಮುಗಿಯಿತು.

ಬಾಗಿಲಿನ ಹತ್ತಿರ ಇದ್ದ ಹಿಟ್ಟಿನ ಡಬ್ಬಿ, ರೊಟ್ಟಿ ಸುಡುವ ಹಂಚು, ಬಟ್ಟೆಗಂಟು ಇಷ್ಟನ್ನು ಎಳೆದು ಹೊರಗಿಟ್ಟೆವು. ಮಹಾದೇವಿ ಮತ್ತೆ ಮತ್ತೆ ಒಳಗೆ ಓಡುತ್ತಿದ್ದಳು. ಜೋಳದ ಚೀಲ ಹಿಂದಿನ ಕೋಣೆಯಲ್ಲಿತ್ತು. ಅದಕ್ಕೆಂದು ಹೊರಟಾಗ ನಾನು ಅವಳ ಸೆರಗು ಹಿಡಿದು ಜಗ್ಗಿದೆ.

“ಬಿಡ್ರಿ ಅಕ್ಕಾರ! ಅದು ಹೋದ್ರ ನಾಳಿಗಿ ಏನ್ ಬಡೀಲಿ?”

ನಾನು ಬಿಡಲಿಲ್ಲ. ಕೊಸರಾಡುತ್ತಿದ್ದಾಗಲೇ ತೊಲೆ ಮುರಿದ ಸದ್ದು ಕೇಳಿತು. ಮಾಳಿಗೆ ಒಂದೇ ಸಲ ಬೀಳಲಿಲ್ಲ. ನಡುವೆ ಕುಸಿಯಿತು, ಆಮೇಲೆ ಹಿಂದಿನ ಗೋಡೆಯನ್ನೂ ಎಳೆದುಕೊಂಡಿತು. ಮಹಾದೇವಿ ಅಳಲಿಲ್ಲ. ನನ್ನ ಕೈಯಿಂದ ಸೆರಗು ಬಿಡಿಸಿಕೊಂಡು ರಾಡಿಯಲ್ಲೇ ಕುಳಿತಳು.

ಆಮೇಲೆ ನಾನು ಅವರಿಬ್ಬರಿಗೆ ಬಾಡಿಗೆ ಮನೆ ಕೇಳುತ್ತ ಓಣಿ ಓಣಿ ಅಲೆದೆ. ಒಬ್ಬರು ಒಲೆಯ ಹೊಗೆ ಬೇಡವೆಂದರು. ಇನ್ನೊಬ್ಬರು ಮುದುಕಿಯ ವಿಷಯ ಕೇಳಿ, “ಇಲ್ಲೇ ಏನರ ಆದ್ರ?” ಎಂದು ಬಾಗಿಲು ಮುಚ್ಚಿದರು. ಕಲಬುರಗಿಯ ನನ್ನ ಮನೆಗೇ ಬರಲು ಕರೆದೆ. “ಅಲ್ಲಿ ಮ್ಯಾಲಿನ ಅಂತಸ್ತಿಗೆ ಅತ್ತೀನ ಹ್ಯಾಂಗ ಏರಸ್ಲಿ, ಒಲಿ ಎಲ್ಲಿ ಹೂಡ್ಲಿ?” ಎಂದಳು ಮಹಾದೇವಿ. ಸಂಜೆಯ ಹೊತ್ತಿಗೆ ಬಾಳೆ ವ್ಯಾಪಾರಿಯೊಬ್ಬರು ತಮ್ಮ ತಗಡಿನ ಶೆಡ್ಡು ಕೊಟ್ಟರು, ಬೇರೆ ಜಾಗ ಸಿಗುವ ತನಕ ಎಂದು ಒತ್ತಿ ಹೇಳಿ. ಒಂದು ಬದಿಗೆ ಗೋಡೆಯೇ ಇರಲಿಲ್ಲ. ಅಲ್ಲಿಗೆ ತಾಡಪತ್ರಿ ಕಟ್ಟಿದೆವು.

ಹೊರಡುವಾಗ ಮಹಾದೇವಿ ತಗ್ಗಿದ ದನಿಯಲ್ಲಿ ಕೇಳಿದಳು: “ಮತ್ತ ಕಟ್ಟಿಸ್ತೀರೇನ್ರಿ ಅಕ್ಕಾರ?”

“ನನ್ನ ಕೈಲಿ ಆಗಂಗಿಲ್ಲ, ಮಹಾದೇವಿ.”

ಅವಳು ತಲೆಯಾಡಿಸಿದಳು. ಮೂಲೆಯಿಂದ ಕಾಶಿಬಾಯಿ ಕೇಳಿದಳು, “ಮನಿಗಿ ಯಾವಾಗ ಹೋಗೋದವ್ವಾ?”

ಮಹಾದೇವಿ ನನ್ನ ಕಡೆ ನೋಡದೆ ಕೌದಿ ಸರಿ ಮಾಡಿದಳು. “ಮಳಿ ನಿಂತ ಮ್ಯಾಲ, ಅತ್ತಿ.”

ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಹಾಗಾಂವ ಕ್ರಾಸ್ ದಾಟುವಾಗ ಚಾಲಕ ಗಾಜು ಒರೆಸುವ ಕಡ್ಡಿ ನಿಲ್ಲಿಸಿದ. ನಾನು ಕೈ ಹೊರಗೆ ಚಾಚಿ ನೋಡಿದೆ. ಒಂದು ಹನಿಯೂ ಬೀಳಲಿಲ್ಲ.